ನಿವೃತ್ತ ಮೇಷ್ಟ್ರು ಮತ ಕೇಳಲು ಬಂದರೆ

ಸಮಾಜ ಪಾಠದ ಉಪಾಧ್ಯಾಯರು ರಜೆಯಲ್ಲಿದ್ದ ಒಂದು ದಿನ ನಾವು ಅವರ ತರಗತಿಗೆ ಹೋಗಬೇಕಾಯಿತು. ನಾವು ಕನ್ನಡ ಪಂಡಿತರು. ಪೌರನೀತಿಗೂ ನಮಗೂ ದೂರದ ನೆಂಟು. ಆದರೂ ಪುಸ್ತಕ ತೆರೆದು ‘ವಿಧಾನಸಭೆ’ ಎಂಬ ಪಾಠವನ್ನು ಓದಿಸತೊಡಗಿದೆವು. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. “ಸಾರ್, ನಮ್ಮ ತಾತ ತಿರುಪ್ಪೂರು ಕಡೆ ಸರ್ಕಾರಿ ಶಾಲೆಯಲ್ಲಿ ಹೆಡ್‌ಮಾಸ್ಟರಾಗಿದ್ದು ರಿಟೈರ್ ಆದರು. ಈಗ ಎಂ.ಎಲ್.ಎ.ಗೆ ನಿಲ್ಲುತ್ತೇನೆ ಅಂತಿದಾರೆ. ನಿಲ್ಲಬಹುದಾ ಸಾರ್?” ಎಂದಳು.

ತರಗತಿಯೆಲ್ಲ ನಕ್ಕಿತು. ಹುಡುಗಿ ನಗಲಿಲ್ಲ. “ಅಜ್ಜಿ ಅಳ್ತಿದಾರೆ ಸಾರ್. ಪೆನ್ಶನ್ ದುಡ್ಡೆಲ್ಲ ಹೋಗುತ್ತೆ ಅಂತ” ಎಂದು ಸೇರಿಸಿದಳು. ಆಗ ತರಗತಿಯ ನಗುವೂ ನಿಂತಿತು.

ಆ ದಿನ ನಮಗೆ ಗೊತ್ತಿದ್ದಷ್ಟು ಹೇಳಿದೆವು, ಅದು ಸಾಲಲಿಲ್ಲ. ‘ಓದುವುದು ಶಾಸ್ತ್ರ, ಇಕ್ಕುವುದು ಗಾಳ’ ಎಂಬ ಗಾದೆಯನ್ನು ಮಕ್ಕಳಿಗೆ ವಿಸ್ತರಿಸಲು ಕೊಡುವ ನಾವೇ, ಪುಸ್ತಕದಲ್ಲಿ ಪೌರನೀತಿಯನ್ನು ಓದಿಸಿ ಬದುಕಿನಲ್ಲಿ ಅದು ಎದುರಾದಾಗ ತಡವರಿಸಿದರೆ ಹೇಗೆ? ಆದುದರಿಂದ ಅನಂತರ ಕುಳಿತು ಓದಿ, ತಿಳಿದವರನ್ನು ಕೇಳಿ, ಬರೆದುಕೊಂಡದ್ದನ್ನು ಈ ಸಂಚಿಕೆಯಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಉಪಯೋಗವಾಗಲೆಂದು ಕೊಡುತ್ತಿದ್ದೇವೆ.

೧. ನಮಗೂ ಕೊಯಮತ್ತೂರಿಗೂ ಇರುವ ನೆಂಟು

ನಮ್ಮದು ಗಡಿಯ ಶಾಲೆ. ಇಲ್ಲಿಯ ಅನೇಕ ಮಕ್ಕಳ ತಂದೆಯರು ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿಯುತ್ತಾರೆ. ಕೊಯಮತ್ತೂರಿನ ಕಡೆ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ದೇವಾಂಗ ನೇಕಾರರೂ ಒಕ್ಕಲುಮಕ್ಕಳೂ ತಲೆಮಾರುಗಳಿಂದ ಇದ್ದಾರೆ. ಅವರು ಮನೆಯಲ್ಲಿ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ತಮಿಳು ಓದುತ್ತಾರೆ. ನಾವೂ ಚಿಕ್ಕಂದಿನಲ್ಲಿ ಎರಡು ಭಾಷೆಗಳ ನಡುವೆಯೇ ಅಕ್ಷರ ಕಲಿತವರು.

ಕೊಳ್ಳೇಗಾಲ ತಾಲ್ಲೂಕು ೧೯೫೬ನೆಯ ನವೆಂಬರ್ ೧ರ ವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತೆಂಬುದು ಹಲವರಿಗೆ ತಿಳಿಯದು. ೧೯೫೨ರ ಮೊದಲನೆಯ ಸಾರ್ವತ್ರಿಕ ಚುನಾವಣೆಯಲ್ಲಿ ಕೊಳ್ಳೇಗಾಲದವರು ಮತ ಹಾಕಿದ್ದು ಮದರಾಸಿನ ವಿಧಾನಸಭೆಗೆ. ಆ ಸಭೆಯಲ್ಲಿ ೩೭೫ ಸ್ಥಾನಗಳಿದ್ದು, ತಮಿಳು, ತೆಲುಗು, ಮಲಯಾಳ, ಕನ್ನಡ ನಾಡುಗಳ ಸದಸ್ಯರು ಒಂದೇ ಸೂರಿನ ಕೆಳಗೆ ಕೂಡುತ್ತಿದ್ದರು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರಿಗೆ ಬಂತು. ನೆಂಟರು ಎರಡೂ ಕಡೆ ಉಳಿದರು. ನಮ್ಮ ಹುಡುಗಿಯ ತಾತ ಆ ಕಡೆ ಉಳಿದವರಲ್ಲೊಬ್ಬರು.

ಈಗ ಕೊಯಮತ್ತೂರು ಜಿಲ್ಲೆಯಲ್ಲಿ ಹತ್ತು, ೨೦೦೯ರಲ್ಲಿ ಹೊಸದಾಗಿ ರಚಿತವಾದ ತಿರುಪ್ಪೂರು ಜಿಲ್ಲೆಯಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಮೇಟ್ಟುಪಾಳಯಂ, ಸೂಲೂರು, ಪೊಳ್ಳಾಚಿ, ವಾಲ್ಪಾರೈ ಮೊದಲಾದವು ಕೊಯಮತ್ತೂರಿನವು. ಅವಿನಾಶಿ, ಪಲ್ಲಡಂ, ಕಾಂಗೇಯಂ, ಉಡುಮಲೈಪೇಟ್ಟೈ, ಧಾರಾಪುರಂ ಮೊದಲಾದವು ತಿರುಪ್ಪೂರಿನವು. ತಮಿಳುನಾಡಿನಲ್ಲಿ ಒಟ್ಟು ೨೩೪ ಕ್ಷೇತ್ರಗಳು, ನಮ್ಮ ಕರ್ನಾಟಕದಲ್ಲಿ ೨೨೪.

೨. ಯಾರು ನಿಲ್ಲಬಹುದು?

ಸಂವಿಧಾನದ ೧೭೩ನೆಯ ವಿಧಿ ಇದಕ್ಕೆ ಉತ್ತರ ಹೇಳುತ್ತದೆ. ವಿಧಾನಸಭೆಗೆ ನಿಲ್ಲುವವನು ಭಾರತದ ಪೌರನಾಗಿರಬೇಕು. ವಯಸ್ಸು ೨೫ಕ್ಕೆ ಕಡಿಮೆಯಿರಬಾರದು. ಸಂವಿಧಾನಕ್ಕೆ ನಿಷ್ಠೆಯಿಂದಿರುವೆನೆಂದು ಪ್ರತಿಜ್ಞೆ ಮಾಡಬೇಕು. ೧೯೫೧ರ ಪ್ರಜಾಪ್ರಾತಿನಿಧ್ಯ ಕಾಯಿದೆಯಂತೆ ಅದೇ ರಾಜ್ಯದ ಯಾವುದಾದರೊಂದು ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಅವನ ಹೆಸರಿರಬೇಕು. ಕೆಳಗಿನ ವಯಸ್ಸಿಗೆ ಮಿತಿಯುಂಟು, ಮೇಲಿನ ವಯಸ್ಸಿಗೆ ಮಿತಿಯಿಲ್ಲ. ಎಪ್ಪತ್ತು ದಾಟಿದ ತಾತನಿಗೂ ಬಾಗಿಲು ತೆರೆದೇ ಇದೆ. ಇಂಥ ಪರೀಕ್ಷೆ ಪಾಸಾಗಿರಬೇಕೆಂಬ ನಿಯಮವೂ ಇಲ್ಲ.

ಆ ತಾತನ ಹೆಸರು ಪಲ್ಲಡದ ಪಟ್ಟಿಯಲ್ಲಿದ್ದರೆ ಅವರು ಪಲ್ಲಡದಲ್ಲಿಯೇ ನಿಲ್ಲಬೇಕೆಂದಿಲ್ಲ, ತಮಿಳುನಾಡಿನ ಯಾವ ಕ್ಷೇತ್ರದಲ್ಲಿ ಬೇಕಾದರೂ ನಿಲ್ಲಬಹುದು. ಆದರೆ ಅವಿನಾಶಿ, ಧಾರಾಪುರಂ, ವಾಲ್ಪಾರೈ ಕ್ಷೇತ್ರಗಳು ಪರಿಶಿಷ್ಟ ಜಾತಿಯವರಿಗೆ ಮೀಸಲು. ನಮ್ಮ ಕಡೆ ಕೊಳ್ಳೇಗಾಲವೂ ಹಾಗೆಯೇ. ಮೀಸಲು ಕ್ಷೇತ್ರದಲ್ಲಿ ಆ ವರ್ಗಕ್ಕೆ ಸೇರಿದವರು ಮಾತ್ರ ನಿಲ್ಲಬಹುದು. ಮತ ಹಾಕುವುದಕ್ಕೆ ಮಾತ್ರ ಎಲ್ಲರೂ ಬಾಧ್ಯರು. ಇನ್ನು ತಮಿಳುನಾಡಿನ ಮತದಾರರಾಗಿದ್ದುಕೊಂಡು ಇಲ್ಲಿಗೆ ಬಂದು ಹನೂರಿನಲ್ಲಿ ನಿಲ್ಲುತ್ತೇನೆಂದರೆ ಆಗದು. ಮೊದಲು ಕರ್ನಾಟಕದ ಮತದಾರರಾಗಬೇಕು.

ಸರ್ಕಾರಿ ಕೆಲಸದಲ್ಲಿರುವ ಉಪಾಧ್ಯಾಯರು ನಿಲ್ಲಬಹುದೇ? ನಿಲ್ಲಕೂಡದು. ಸರ್ಕಾರದ ಕೆಳಗೆ ಲಾಭದಾಯಕ ಹುದ್ದೆಯಲ್ಲಿರುವವರು ಶಾಸಕರಾಗಲು ಅನರ್ಹರೆಂದು ೧೯೧ನೆಯ ವಿಧಿ ಹೇಳುತ್ತದೆ. ಸರ್ಕಾರಿ ನೌಕರರು ರಾಜಕೀಯದಲ್ಲಿ ಪಾಲ್ಗೊಳ್ಳಬಾರದೆಂದು ಅವರ ನಡತೆಯ ನಿಯಮಗಳೂ ಹೇಳುತ್ತವೆ. ಸರ್ಕಾರ ನಡೆಸುವವರನ್ನು ಪ್ರಶ್ನೆ ಮಾಡಬೇಕಾದ ಶಾಸಕನು ಸರ್ಕಾರದಿಂದಲೇ ಸಂಬಳ ಪಡೆಯುತ್ತಿದ್ದರೆ ಅವನ ನಾಲಿಗೆ ಕಟ್ಟಿಹೋಗುತ್ತದೆ ಎಂಬುದು ಇದರ ತಾತ್ಪರ್ಯ. ಕೆಲಸ ಬಿಟ್ಟವರಿಗೆ, ನಿವೃತ್ತರಾದವರಿಗೆ ಈ ತೊಡಕಿಲ್ಲ. ನಿವೃತ್ತಿವೇತನವು ಮಾಡಿ ಮುಗಿಸಿದ ಸೇವೆಯ ಫಲ, ಈಗ ಹಿಡಿದಿರುವ ಹುದ್ದೆಯಲ್ಲ.

ಆದರೆ ಮನೆಯವರ ವಿಷಯ ಬೇರೆ. ಹುಡುಗಿಯ ತಾಯಿ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅವರು ತಮ್ಮ ತಂದೆಯ ಚುನಾವಣಾ ಏಜೆಂಟರಾಗಿಯೋ ಮತಗಟ್ಟೆಯ ಏಜೆಂಟರಾಗಿಯೋ ಎಣಿಕೆಯ ಏಜೆಂಟರಾಗಿಯೋ ಕೂರುವಂತಿಲ್ಲ. ಸರ್ಕಾರಿ ನೌಕರರು ಹಾಗೆ ಮಾಡುವುದು ಶಿಕ್ಷಾರ್ಹ ಅಪರಾಧ. ಮೊಮ್ಮಗಳು ತಾತನ ಪರವಾಗಿ ಕರಪತ್ರ ಹಂಚಬಹುದೇ? ಅದೂ ಆಗದು. ಮಕ್ಕಳನ್ನು ಪ್ರಚಾರದ ಯಾವ ಕೆಲಸಕ್ಕೂ ಬಳಸಬಾರದೆಂದು ಚುನಾವಣಾ ಆಯೋಗವು ೨೦೨೪ನೆಯ ಫೆಬ್ರವರಿಯಲ್ಲಿ ಪಕ್ಷಗಳಿಗೆ ಕಟ್ಟುನಿಟ್ಟಾಗಿ ತಿಳಿಸಿದೆ. ಘೋಷಣೆ ಕೂಗುವುದು, ಚೀಟಿ ಹಂಚುವುದು, ಮೆರವಣಿಗೆಯಲ್ಲಿ ನಡೆಯುವುದು ಎಲ್ಲವೂ ಇದರಲ್ಲಿ ಸೇರಿವೆ. ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ನೆನಪಿಡಬೇಕು. ಯಾರಾದರೂ ಬಿಸ್ಕತ್ತು ಕೊಟ್ಟು ಬಾವುಟ ಹಿಡಿಸಲು ಬಂದರೆ “ಆಗುವುದಿಲ್ಲ” ಎನ್ನುವ ಹಕ್ಕು ನಿಮಗಿದೆ.

೩. ನಾಮಪತ್ರ, ಠೇವಣಿ, ಲೆಕ್ಕ

ಚುನಾವಣೆಯ ಅಧಿಸೂಚನೆ ಹೊರಟ ದಿನದಿಂದ ಏಳನೆಯ ದಿನ ನಾಮಪತ್ರ ಸಲ್ಲಿಸಲು ಕಡೆಯ ದಿನ. ಬೆಳಗಿನ ೧೧ರಿಂದ ಮಧ್ಯಾಹ್ನ ೩ರ ಒಳಗೆ ಕೊಡಬೇಕು. ಮರುದಿನ ಪರಿಶೀಲನೆ. ಪರಿಶೀಲನೆಯಾದ ಎರಡನೆಯ ದಿನದ ವರೆಗೆ ಹಿಂತೆಗೆದುಕೊಳ್ಳಲು ಅವಕಾಶ. ಅಲ್ಲಿಂದ ಮುಂದೆ ಕನಿಷ್ಠ ಹದಿನಾಲ್ಕು ದಿನಗಳಾದರೂ ಕಳೆದ ಮೇಲೆ ಮತದಾನ.

ಮಾನ್ಯತೆ ಪಡೆದ ಪಕ್ಷದ ಉಮೇದುವಾರನ ನಾಮಪತ್ರಕ್ಕೆ ಒಬ್ಬ ಸೂಚಕನ ರುಜು ಸಾಕು. ಪಕ್ಷೇತರನಿಗೆ ಅದೇ ಕ್ಷೇತ್ರದ ಹತ್ತು ಮಂದಿ ಮತದಾರರ ರುಜು ಬೇಕು. ಮೂವತ್ತೈದು ವರ್ಷ ಪಾಠ ಹೇಳಿದವರಿಗೆ ಹತ್ತು ರುಜು ಸಿಗುವುದು ಕಷ್ಟವಲ್ಲ. ಕಷ್ಟವಿರುವುದು ಮುಂದೆ.

ನಾಮಪತ್ರದೊಂದಿಗೆ ಒಂದು ಪ್ರಮಾಣಪತ್ರ ಕೊಡಬೇಕು. ತನ್ನ ಮೇಲಿರುವ ಮೊಕದ್ದಮೆಗಳು, ತನ್ನ ಮತ್ತು ಹೆಂಡತಿಯ ಅಥವಾ ಗಂಡನ ಆಸ್ತಿ, ಸಾಲ, ವಿದ್ಯಾರ್ಹತೆ ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಸುಪ್ರೀಂ ಕೋರ್ಟಿನ ೨೦೦೨ ಮತ್ತು ೨೦೦೩ರ ತೀರ್ಪುಗಳಿಂದ ಬಂದ ಪದ್ಧತಿಯಿದು. ಅದನ್ನು ಯಾರು ಬೇಕಾದರೂ ಓದಬಹುದು. ಅಜ್ಜಿಯ ಮೈಮೇಲಿನ ಒಡವೆಯೂ ಊರವರ ಕಣ್ಣಿಗೆ ಬೀಳುತ್ತದೆ. ಸಾರ್ವಜನಿಕ ಬದುಕಿಗೆ ಇಳಿಯುವವರು ಮೊದಲು ಮನೆಯವರೊಡನೆ ಕುಳಿತು ಮಾತಾಡಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ.

ಇನ್ನು ಠೇವಣಿ. ೧೯೫೧ರ ಕಾಯಿದೆಯಲ್ಲಿ ವಿಧಾನಸಭೆಯ ಠೇವಣಿ ೨೫೦ ರೂಪಾಯಿ. ೧೯೯೬ರಲ್ಲಿ ಅದು ೫,೦೦೦ ರೂಪಾಯಿಗೆ, ೨೦೧೦ರಿಂದ ೧೦,೦೦೦ ರೂಪಾಯಿಗೆ ಏರಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಇದರ ಅರ್ಧ. ಏಕೆ ಏರಿತೆಂಬುದಕ್ಕೆ ತಿರುಪ್ಪೂರಿನ ನೆರೆಯಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. ೧೯೯೬ರ ಚುನಾವಣೆಯಲ್ಲಿ ಈರೋಡಿನ ಹತ್ತಿರದ ಮೊಡಕುರಿಚ್ಚಿ ಎಂಬ ಒಂದೇ ಕ್ಷೇತ್ರದಲ್ಲಿ ೧,೦೩೩ ಮಂದಿ ಉಮೇದುವಾರರು! ತಮ್ಮ ಕಷ್ಟಗಳನ್ನು ಸರ್ಕಾರ ಕೇಳುತ್ತಿಲ್ಲವೆಂದು ತೋರಿಸಲು ರೈತರು ಗುಂಪು ಗುಂಪಾಗಿ ನಾಮಪತ್ರ ಸಲ್ಲಿಸಿದ್ದರು. ಮತಪತ್ರವು ಹಾಳೆಯಾಗಿ ಉಳಿಯದೆ ಪುಸ್ತಕವೇ ಆಯಿತು. ಇಂದಿನ ಮತಯಂತ್ರದ ಒಂದು ಪೆಟ್ಟಿಗೆಯಲ್ಲಿ ಹದಿನಾರು ಸಾಲುಗಳು ಮಾತ್ರ ಎಂಬುದನ್ನು ನೆನೆದರೆ ಆ ಪುಸ್ತಕದ ಗಾತ್ರ ಊಹೆಗೆ ಬಂದೀತು. ಅದಾದ ಮೇಲೆ ಠೇವಣಿ ಏರಿತು, ಪಕ್ಷೇತರರಿಗೆ ಹತ್ತು ಸೂಚಕರ ನಿಯಮ ಬಂತು.

ಠೇವಣಿ ಮರಳಿ ಬರಬೇಕಾದರೆ ಸಿಂಧುವಾದ ಮತಗಳಲ್ಲಿ ಆರನೆಯ ಒಂದು ಪಾಲಿಗಿಂತ ಹೆಚ್ಚು ಪಡೆಯಬೇಕು. ಗಣಿತದ ಮೇಷ್ಟ್ರು ಮೆಚ್ಚುವ ಹಾಗೆ ಲೆಕ್ಕ ಮಾಡೋಣ. ಒಂದು ಕ್ಷೇತ್ರದಲ್ಲಿ ೧,೮೦,೦೦೦ ಸಿಂಧು ಮತಗಳು ಬಿದ್ದವೆನ್ನಿ. ಆರರಿಂದ ಭಾಗಿಸಿದರೆ ೩೦,೦೦೦. ಸರಿಯಾಗಿ ೩೦,೦೦೦ ಬಂದರೂ ಠೇವಣಿ ಹೋಯಿತು, ೩೦,೦೦೧ ಬಂದರೆ ಉಳಿಯಿತು. ಮೂವತ್ತೈದು ವರ್ಷ, ವರ್ಷಕ್ಕೆ ನೂರು ಮಕ್ಕಳಂತೆ ಪಾಠ ಹೇಳಿದ ಮೇಷ್ಟ್ರಿಗೆ ಶಿಷ್ಯರೆಷ್ಟು? ೩,೫೦೦. ಅವರೆಲ್ಲರೂ ಅದೇ ಕ್ಷೇತ್ರದಲ್ಲಿದ್ದು ಅವರಿಗೇ ಮತ ಹಾಕಿದರೂ ಠೇವಣಿ ಉಳಿಯದು. ಶಿಷ್ಯಬಲವನ್ನು ನಂಬಿ ನಿಲ್ಲುವವರು ಈ ಲೆಕ್ಕವನ್ನು ಮೊದಲು ಮಾಡಬೇಕು.

ಅಜ್ಜಿ ಹೆದರಿದ್ದು ಠೇವಣಿಗಲ್ಲ, ಖರ್ಚಿಗೆ. ತಮಿಳುನಾಡು, ಕರ್ನಾಟಕಗಳಂಥ ದೊಡ್ಡ ರಾಜ್ಯಗಳಲ್ಲಿ ಒಬ್ಬ ಉಮೇದುವಾರ ಮಾಡಬಹುದಾದ ಖರ್ಚಿನ ಮಿತಿಯನ್ನು ೨೦೨೨ರಲ್ಲಿ ೪೦ ಲಕ್ಷ ರೂಪಾಯಿಗೆ ಏರಿಸಲಾಯಿತು. ಅದು ಮಿತಿ, ಮಾಡಲೇಬೇಕಾದ ಖರ್ಚಲ್ಲ. ಸೈಕಲ್ಲಿನಲ್ಲಿ ಹೋಗಿ ಮತ ಕೇಳಿದರೂ ಕಾನೂನು ಬೇಡವೆನ್ನದು. ಆದರೆ ಫಲಿತಾಂಶ ಬಂದ ಮೂವತ್ತು ದಿನಗಳೊಳಗೆ ಪೈಸೆ ಪೈಸೆಯ ಲೆಕ್ಕ ಒಪ್ಪಿಸಬೇಕು. ತಕ್ಕ ಕಾರಣವಿಲ್ಲದೆ ತಪ್ಪಿದರೆ ಮೂರು ವರ್ಷ ನಿಲ್ಲದಂತೆ ಅನರ್ಹಗೊಳಿಸಲು ಆಯೋಗಕ್ಕೆ ಅಧಿಕಾರವಿದೆ.

೪. ನಿಂತವರ ಕಥೆ

ಕೊಯಮತ್ತೂರು, ತಿರುಪ್ಪೂರುಗಳ ಮಾತು ಬಂದಾಗ ಮೊದಲು ನೆನೆಯಬೇಕಾದ ಹೆಸರು ಟಿ. ಎಸ್. ಅವಿನಾಶಿಲಿಂಗಂ ಚೆಟ್ಟಿಯಾರ್ ಅವರದು. ೧೯೦೩ರಲ್ಲಿ ತಿರುಪ್ಪೂರಿನಲ್ಲಿ ಹುಟ್ಟಿದ ಅವರು ಓದಿದ್ದು ಕಾನೂನು, ಇಳಿದದ್ದು ಸ್ವಾತಂತ್ರ್ಯ ಚಳುವಳಿಗೆ, ಕಟ್ಟಿದ್ದು ಶಾಲೆ. ೧೯೩೦ರಲ್ಲಿ ಕೊಯಮತ್ತೂರಿನಲ್ಲಿ ಶ್ರೀ ರಾಮಕೃಷ್ಣ ವಿದ್ಯಾಲಯವನ್ನು ಸಣ್ಣದಾಗಿ ತೊಡಗಿದರು. ಪೆರಿಯನಾಯಕನ್‌ಪಾಳಯದಲ್ಲಿ ಇಂದು ಅದು ದೊಡ್ಡ ವಿದ್ಯಾಕೇಂದ್ರವಾಗಿದೆ. ಸ್ವಾತಂತ್ರ್ಯಕ್ಕೆ ಮುಂಚೆ ಕೇಂದ್ರ ಶಾಸನಸಭೆಯಲ್ಲಿದ್ದು, ಮುಂದೆ ಮದರಾಸು ಶಾಸಕಾಂಗಕ್ಕೆ ಬಂದು ೧೯೪೬ರಿಂದ ೧೯೪೯ರ ವರೆಗೆ ಮದರಾಸಿನ ಶಿಕ್ಷಣ ಮಂತ್ರಿಗಳಾದರು. ಸುಬ್ರಹ್ಮಣ್ಯ ಭಾರತಿಯವರ ಕೃತಿಗಳ ಹಕ್ಕನ್ನು ೧೯೪೯ರಲ್ಲಿ ಸರ್ಕಾರ ಕೊಂಡು ಸಾರ್ವಜನಿಕರದಾಗಿಸಲು ನಿರ್ಧರಿಸಿದ್ದು ಅವರು ಮಂತ್ರಿಯಾಗಿದ್ದ ಕಾಲದಲ್ಲಿ. ತಮಿಳಿನ ಹತ್ತು ಸಂಪುಟಗಳ ‘ಕಲೈಕ್ಕಳಂಜಿಯಂ’ ಎಂಬ ವಿಶ್ವಕೋಶದ ಹಿಂದೆಯೂ ಅವರ ದುಡಿಮೆಯಿದೆ. ೧೯೫೨ರಲ್ಲಿ ತಿರುಪ್ಪೂರಿನಿಂದ ಲೋಕಸಭೆಗೆ ಆರಿಸಿಬಂದರು, ಅನಂತರ ರಾಜ್ಯಸಭೆಯಲ್ಲಿಯೂ ಇದ್ದರು.

ಈ ನಡುವೆ ಅವರು ಶಾಲೆಯನ್ನು ಬಿಡಲಿಲ್ಲ. ೧೯೫೭ರಲ್ಲಿ ಹೆಣ್ಣುಮಕ್ಕಳಿಗಾಗಿ ಗೃಹವಿಜ್ಞಾನ ಕಾಲೇಜನ್ನು ತೆರೆದರು. ಅದು ೧೯೮೮ರಲ್ಲಿ ವಿಶ್ವವಿದ್ಯಾಲಯದ ಮಟ್ಟಕ್ಕೆ ಏರಿತು. ೧೯೯೧ರಲ್ಲಿ ಅವರು ತೀರಿಕೊಂಡಾಗ ಜನ ನೆನೆದದ್ದು ಮಂತ್ರಿಯನ್ನಲ್ಲ, ವಿದ್ಯಾಲಯದ ಅಯ್ಯನನ್ನು. ಶಾಸನಸಭೆ ಅವರಿಗೆ ದಾರಿಯ ನಡುವಣ ಊರಾಗಿತ್ತು, ಅವರು ತಂಗಿದ ಮನೆ ಶಾಲೆಯೇ.

ಎರಡನೆಯ ಹೆಸರು ವಿ. ವಸಂತಿದೇವಿಯವರದು. ೧೯೩೮ರಲ್ಲಿ ಹುಟ್ಟಿದ ಅವರು ಕಾಲೇಜು ಅಧ್ಯಾಪಕಿಯಾಗಿ, ಪ್ರಾಂಶುಪಾಲೆಯಾಗಿ, ೧೯೯೨ರಿಂದ ೧೯೯೮ರ ವರೆಗೆ ತಿರುನೆಲ್ವೇಲಿಯ ಮನೋನ್ಮಣಿಯಂ ಸುಂದರನಾರ್ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ ಕೆಲಸ ಮಾಡಿದರು. ಮುಂದೆ ರಾಜ್ಯ ಮಹಿಳಾ ಆಯೋಗದ ಅಧ್ಯಕ್ಷೆಯಾದರು. ಸರ್ಕಾರಿ ಶಾಲೆಗಳು ಉಳಿಯಬೇಕೆಂದು ಕೊನೆಯ ವರೆಗೆ ವಾದಿಸಿದರು. ೨೦೧೬ರ ವಿಧಾನಸಭಾ ಚುನಾವಣೆಯಲ್ಲಿ ಎಪ್ಪತ್ತೇಳು ದಾಟಿದ ಆ ನಿವೃತ್ತ ಅಧ್ಯಾಪಕಿ ನಿಂತದ್ದು ಚೆನ್ನೈನ ಆರ್.ಕೆ. ನಗರದಲ್ಲಿ, ಆಗಿನ ಮುಖ್ಯಮಂತ್ರಿ ಜೆ. ಜಯಲಲಿತಾ ಅವರ ಎದುರು! ವಿಡುದಲೈ ಚಿರುತೈಗಳ್ ಪಕ್ಷ ಅವರನ್ನು ನಿಲ್ಲಿಸಿತ್ತು.

ಫಲಿತಾಂಶ ಹೀಗಾಯಿತು: ಜಯಲಲಿತಾ ಅವರಿಗೆ ೯೭,೨೧೮, ಎರಡನೆಯ ಸ್ಥಾನದ ದ್ರಾವಿಡ ಮುನ್ನೇಟ್ರ ಕಳಗದ ಉಮೇದುವಾರರಿಗೆ ೫೭,೬೭೩. ವಸಂತಿದೇವಿಯವರಿಗೆ ನಾಲ್ಕು ಸಾವಿರಕ್ಕೆ ಸ್ವಲ್ಪ ಮೇಲೆ. ಮೇಲಿನ ಲೆಕ್ಕದಂತೆ ಠೇವಣಿಗೆ ಸುಮಾರು ೨೯,೦೦೦ ಮತಗಳು ಬೇಕಿತ್ತು. ಅದು ಹೋಯಿತು. ಆದರೆ ಅವರು ಸೋತು ಮನೆ ಸೇರಿದರೆಂದು ಯಾರೂ ಹೇಳಲಾರರು. ೨೦೨೫ನೆಯ ಆಗಸ್ಟಿನಲ್ಲಿ ತೀರಿಕೊಳ್ಳುವ ವರೆಗೂ ಶಿಕ್ಷಣದ ಮಾತನ್ನೇ ಆಡಿದರು, ಬರೆದರು. ಅವರನ್ನು ನೆನೆದವರು ಉಪಕುಲಪತಿಯೆಂದೂ ಹೋರಾಟಗಾರ್ತಿಯೆಂದೂ ನೆನೆದರು. ಸೋತ ಉಮೇದುವಾರಳೆಂದು ಯಾರೂ ಕರೆಯಲಿಲ್ಲ.

ನಮ್ಮ ಕನ್ನಡದ ಕವಿ ಗೋಪಾಲಕೃಷ್ಣ ಅಡಿಗರೂ ಕಾಲೇಜು ಪ್ರಾಂಶುಪಾಲರಾಗಿದ್ದವರು. ೧೯೭೧ರಲ್ಲಿ ಬೆಂಗಳೂರಿನಿಂದ ಲೋಕಸಭೆಗೆ ನಿಂತು ಸೋತರು. ಅವರ ಕಾವ್ಯದ ಬೆಲೆ ಅದರಿಂದ ಒಂದು ಗುಲಗಂಜಿಯಷ್ಟೂ ಕುಗ್ಗಲಿಲ್ಲ.

೫. ಉಪಾಧ್ಯಾಯರಿಗೆಂದೇ ಇರುವ ಸ್ಥಾನ

“ಮೇಷ್ಟ್ರುಗಳಿಗೆ ಬೇರೆ ಸೀಟು ಇದೆಯಂತಲ್ಲ ಸಾರ್?” ಎಂದು ಇನ್ನೊಬ್ಬ ಹುಡುಗ ಅಂದು ಕೇಳಿದ್ದ. ಅದು ವಿಧಾನಪರಿಷತ್ತಿನ ಮಾತು. ೧೭೧ನೆಯ ವಿಧಿಯಂತೆ, ಪರಿಷತ್ತು ಇರುವ ರಾಜ್ಯಗಳಲ್ಲಿ ಅದರ ಸುಮಾರು ಹನ್ನೆರಡನೆಯ ಒಂದು ಪಾಲು ಸದಸ್ಯರನ್ನು ಪ್ರೌಢಶಾಲೆ ಮತ್ತು ಅದಕ್ಕೆ ಮೇಲ್ಪಟ್ಟ ವಿದ್ಯಾಸಂಸ್ಥೆಗಳಲ್ಲಿ ಕನಿಷ್ಠ ಮೂರು ವರ್ಷ ಪಾಠ ಹೇಳಿದ ಅಧ್ಯಾಪಕರು ಆರಿಸುತ್ತಾರೆ. ಕರ್ನಾಟಕದ ಪರಿಷತ್ತಿನ ೭೫ ಸ್ಥಾನಗಳಲ್ಲಿ ಏಳು ಇಂಥವು. ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಣದ ಉಪಾಧ್ಯಾಯರಾಗಿದ್ದ ಬಸವರಾಜ ಹೊರಟ್ಟಿಯವರು ೧೯೮೦ರಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಮೊದಲ ಸಲ ಗೆದ್ದು, ೨೦೨೨ರ ಚುನಾವಣೆ ಸೇರಿ ಎಂಟು ಬಾರಿ ಆರಿಸಿಬಂದರು. ಶಿಕ್ಷಣ ಮಂತ್ರಿಗಳೂ ಪರಿಷತ್ತಿನ ಸಭಾಪತಿಗಳೂ ಆದರು.

ತಮಿಳುನಾಡಿನಲ್ಲಿಯೂ ಪರಿಷತ್ತು ಇತ್ತು. ೧೯೮೬ನೆಯ ನವೆಂಬರ್ ೧ರಂದು ಅದು ರದ್ದಾಯಿತು. ಆದುದರಿಂದ ತಿರುಪ್ಪೂರಿನ ತಾತನಿಗೆ ಆ ದಾರಿಯಿಲ್ಲ. ಅವರು ಎಲ್ಲರಂತೆ ಎಲ್ಲರ ಮತವನ್ನೂ ಕೇಳಬೇಕು.

ಒಂದು ಸ್ವಾರಸ್ಯ ಉಂಟು. ಪದವೀಧರರ ಕ್ಷೇತ್ರದಿಂದ ಪದವೀಧರನೇ ಆರಿಸಿಬರಬೇಕೇ? ಮದರಾಸಿನ ಇಂಥದೊಂದು ಕ್ಷೇತ್ರದಲ್ಲಿ ಪದವಿಯಿಲ್ಲದವರೊಬ್ಬರು ಗೆದ್ದಾಗ ವಿವಾದವೆದ್ದು ಸುಪ್ರೀಂ ಕೋರ್ಟಿನ ವರೆಗೆ ಹೋಯಿತು. ಸಂವಿಧಾನ ವಿದ್ಯಾರ್ಹತೆಯನ್ನು ಹೇಳಿರುವುದು ಮತದಾರನಿಗೇ ಹೊರತು ಉಮೇದುವಾರನಿಗಲ್ಲ ಎಂದು ನ್ಯಾಯಾಲಯ ೧೯೭೨ರಲ್ಲಿ ತೀರ್ಪು ಕೊಟ್ಟಿತು. ಆರಿಸುವವನಿಗೆ ವಿವೇಕವಿದ್ದರೆ ಸಾಕು, ಅವನು ತಕ್ಕವನನ್ನು ಆರಿಸಿಕೊಳ್ಳುತ್ತಾನೆ ಎಂಬ ನಂಬಿಕೆಯನ್ನು ನಾವು ಇದರಲ್ಲಿ ಕಾಣುತ್ತೇವೆ.

೬. ಭಾಷೆಯ ಹೆಸರಿನಲ್ಲಿ ಮತ

ಗಡಿಯವರಾದ ನಾವು ಮನಸ್ಸಿಟ್ಟು ತಿಳಿಯಬೇಕಾದ ಅಂಶವಿದು. ಆ ತಾತ ಕನ್ನಡದವರು. ಕೊಯಮತ್ತೂರು, ತಿರುಪ್ಪೂರುಗಳ ಕನ್ನಡ ಮನೆಗಳಿಗೆ ಹೋಗಿ, “ನಾನು ಕನ್ನಡಿಗ, ಅದಕ್ಕಾಗಿ ನನಗೆ ಮತ ಕೊಡಿ” ಎನ್ನಬಹುದೇ? ಎನ್ನಕೂಡದು. ಧರ್ಮ, ಜಾತಿ, ಭಾಷೆಗಳ ಹೆಸರಿನಲ್ಲಿ ಮತ ಕೇಳುವುದು ಪ್ರಜಾಪ್ರಾತಿನಿಧ್ಯ ಕಾಯಿದೆಯ ೧೨೩ನೆಯ ಪ್ರಕರಣದಂತೆ ಭ್ರಷ್ಟ ಆಚರಣೆ. ಅದು ರುಜುವಾತಾದರೆ ಗೆದ್ದ ಸ್ಥಾನವೂ ಹೋಗುತ್ತದೆ. ಉಮೇದುವಾರನ ಭಾಷೆಯಷ್ಟೇ ಅಲ್ಲ, ಮತದಾರನ ಭಾಷೆಯನ್ನು ಎತ್ತಿ ಮತ ಕೇಳಿದರೂ ತಪ್ಪೇ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠವು ೨೦೧೭ನೆಯ ಜನವರಿ ೨ರಂದು ಬಹುಮತದಿಂದ ಹೇಳಿತು.

ಹಾಗಾದರೆ ಕನ್ನಡ ಮಕ್ಕಳ ಕಷ್ಟವನ್ನು ಆಡಲೇಬಾರದೇ? ಆಡಬಹುದು. ಒಂದು ಭಾಷೆಯನ್ನು ಉಳಿಸಿಕೊಳ್ಳುವ ಹಕ್ಕಿನಲ್ಲಿ ಅದರ ರಕ್ಷಣೆಗಾಗಿ ಚಳುವಳಿ ಮಾಡುವ ಹಕ್ಕೂ ಸೇರಿದೆ, ಭಾಷೆಯ ಹಿತಕ್ಕಾಗಿ ದುಡಿಯುವೆನೆಂಬ ಮಾತು ಭ್ರಷ್ಟ ಆಚರಣೆಯಾಗದು ಎಂದು ಸುಪ್ರೀಂ ಕೋರ್ಟು ೧೯೬೫ರಲ್ಲಿ ವರದಿಯಾದ ಒಂದು ಪ್ರಕರಣದಲ್ಲಿ ಹೇಳಿದೆ. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು, ೧೯೫೬ರಲ್ಲಿ ಸೇರಿದ ೩೫೦-ಎ ವಿಧಿಯೇ ಹೇಳುತ್ತದೆ. ಆದ್ದರಿಂದ, “ತಾಯ್ನುಡಿಯಲ್ಲಿ ಓದುವ ಮಕ್ಕಳಿಗೆ ಪುಸ್ತಕ ಹೊತ್ತಿಗೆ ಸರಿಯಾಗಿ ಬರಬೇಕು, ಉಪಾಧ್ಯಾಯರು ಬೇಕು, ಅದಕ್ಕಾಗಿ ಸಭೆಯಲ್ಲಿ ಮಾತಾಡುವೆ” ಎನ್ನುವುದು ಒಂದು. “ನಾನು ನಿಮ್ಮ ಭಾಷೆಯವನು, ಅವನು ಅಲ್ಲ” ಎನ್ನುವುದು ಇನ್ನೊಂದು. ಮೊದಲನೆಯದು ಕೆಲಸದ ಮಾತು, ಎರಡನೆಯದು ಮನೆಯೊಡೆಯುವ ಮಾತು. ಇಲ್ಲಿಯ ನಮ್ಮ ಶಾಲೆಯಲ್ಲಿ ಮನೆಯಲ್ಲಿ ತಮಿಳು ಆಡುವ ಮಕ್ಕಳೂ ಇದ್ದಾರಲ್ಲ! ಅವರ ಮುಂದೆ ನಿಂತು ಈ ವ್ಯತ್ಯಾಸವನ್ನು ಯೋಚಿಸಿದರೆ ಕಾನೂನಿನ ಅರ್ಥ ತಾನೇ ತಿಳಿಯುತ್ತದೆ.

೭. ನಿಲ್ಲಬಹುದು ಸರಿ, ನಿಲ್ಲಬೇಕೇ?

ಇದಕ್ಕೆ ಕಾಯಿದೆಯ ಪುಸ್ತಕದಲ್ಲಿ ಉತ್ತರವಿಲ್ಲ. ಎರಡು ಕಡೆಯ ಮಾತನ್ನೂ ಇಡುತ್ತೇವೆ.

ನಿಲ್ಲಬೇಕೆನ್ನುವವರು ಹೇಳುವುದೇನು? ಉಪಾಧ್ಯಾಯನಿಗೆ ಊರಿನ ಪ್ರತಿಯೊಂದು ಮನೆಯ ಒಳಗೂ ಗೊತ್ತು. ಯಾವ ಮಗು ಉಪವ್ರಾಸ ಬರುತ್ತದೆ, ಯಾವ ಹುಡುಗಿಯನ್ನು ಏಳನೆಯ ತರಗತಿಗೇ ಬಿಡಿಸಿ ಗಿರಣಿಗೆ ಕಳುಹಿಸುತ್ತಾರೆ ಎಂಬುದು ಹಾಜರಿ ಪುಸ್ತಕ ಹಿಡಿದವನಿಗೆ ತಿಳಿದಷ್ಟು ಮತ್ತೊಬ್ಬನಿಗೆ ತಿಳಿಯದು. ಅಂಥವನು ಆಯವ್ಯಯದ ದಿನ ಸಭೆಯಲ್ಲಿದ್ದರೆ ಅಂಕಿಗಳ ಹಿಂದಿನ ಮುಖಗಳು ಅವನಿಗೆ ಕಾಣುತ್ತವೆ.

ಬೇಡವೆನ್ನುವವರ ಮಾತನ್ನೂ ಕೇಳಬೇಕು. ಪಕ್ಷದ ಚೀಟಿಯಲ್ಲಿ ಗೆದ್ದವರು ೧೯೮೫ರ ಪಕ್ಷಾಂತರ ನಿಷೇಧದ ಕಾನೂನಿನಂತೆ ಪಕ್ಷದ ಆಜ್ಞೆಯನ್ನು ಮೀರಿ ಸಭೆಯಲ್ಲಿ ಮತ ಹಾಕಿದರೆ ಸ್ಥಾನ ಕಳೆದುಕೊಳ್ಳಬಹುದು. ಪಕ್ಷೇತರರಾಗಿ ಗೆದ್ದವರು ಅನಂತರ ಪಕ್ಷ ಸೇರುವಂತಿಲ್ಲ. ತರಗತಿಯಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಸರಿಯನ್ನು ಸರಿ, ತಪ್ಪನ್ನು ತಪ್ಪು ಎಂದವರಿಗೆ ಇದು ಹೊಸ ಬೇಲಿ. ಅದಕ್ಕಿಂತ ದೊಡ್ಡದು ಇನ್ನೊಂದುಂಟು. ನಿವೃತ್ತ ಮೇಷ್ಟ್ರು ಎಲ್ಲರ ಮೇಷ್ಟ್ರು. ಅವರ ಶಿಷ್ಯರು ಎಲ್ಲ ಪಕ್ಷಗಳಲ್ಲಿಯೂ ಇರುತ್ತಾರೆ. ಜಮೀನಿನ ಜಗಳಕ್ಕೂ ಮದುವೆಯ ಮಾತಿಗೂ ಅವರ ಜಗುಲಿಗೆ ಬರುತ್ತಾರೆ. ಒಂದು ಚಿಹ್ನೆಯನ್ನು ಹಿಡಿದ ದಿನ ಆ ಜಗುಲಿಯಲ್ಲಿ ಅರ್ಧ ಜನ ಕಡಿಮೆಯಾಗುತ್ತಾರೆ.

ನಾವು ಅನೇಕ ಸಲ ಚುನಾವಣಾ ಕೆಲಸಕ್ಕೆ ಹೋಗಿದ್ದೇವೆ. ಹಿಂದಿನ ರಾತ್ರಿ ಶಾಲೆಯ ಕೊಠಡಿಯಲ್ಲಿ ಬೆಂಚು ಜೋಡಿಸಿ ಮಲಗಿ, ಬೆಳಗಿನ ಜಾವ ಎದ್ದು ಮತಯಂತ್ರವನ್ನು ಸಿದ್ಧಮಾಡಿ ಕುಳಿತಿದ್ದೇವೆ. ಸಾಲಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳೇ ಬಂದು ಬೆರಳು ಚಾಚಿ ಮಸಿ ಹಚ್ಚಿಸಿಕೊಳ್ಳುತ್ತಾರೆ. ಅವರು ರಟ್ಟಿನ ಮರೆಗೆ ಹೋದ ಕ್ಷಣ ನಾವು ಅವರಿಗೆ ಗುರುಗಳಲ್ಲ. ಅಲ್ಲಿ ಅವರು ಒಬ್ಬರೇ. ಮತವನ್ನು ಗುಟ್ಟಾಗಿಟ್ಟಿರುವುದು ಕಳ್ಳರಿಗೆ ಹೆದರಿ ಮಾತ್ರವಲ್ಲ, ಒಳ್ಳೆಯವರ ದಾಕ್ಷಿಣ್ಯದಿಂದಲೂ ಮತದಾರನನ್ನು ಕಾಪಾಡುವುದಕ್ಕೆ. ಸಾಲ ಕೊಟ್ಟ ಸಾಹುಕಾರನ ಮುಂದೆ ‘ಇಲ್ಲ’ ಎನ್ನುವುದು ಕಷ್ಟ. ಅಕ್ಷರ ಕೊಟ್ಟ ಗುರುವಿನ ಮುಂದೆ ‘ಇಲ್ಲ’ ಎನ್ನುವುದು ಅದಕ್ಕಿಂತ ಕಷ್ಟ.

ಆದ್ದರಿಂದ ವಿದ್ಯಾರ್ಥಿಗಳಿಗೆ ನಾವು ಹೇಳುವುದಿಷ್ಟು. ಮುಂದೆ ಹದಿನೆಂಟು ತುಂಬಿದಾಗ, ಒಂದು ದಿನ ನಿಮ್ಮ ಮೇಷ್ಟ್ರೇ ಕೈಮುಗಿದು ನಿಮ್ಮ ಬಾಗಿಲಿಗೆ ಬರಬಹುದು. ಎದ್ದು ನಿಲ್ಲಿ, ಕಾಲಿಗೆ ನಮಸ್ಕಾರ ಮಾಡಿ, ನೀರು ಕೊಡಿ. ಅನಂತರ ಎಲ್ಲ ಉಮೇದುವಾರರನ್ನು ಕೇಳುವ ಪ್ರಶ್ನೆಗಳನ್ನೇ ಅವರನ್ನೂ ಕೇಳಿ: ಏನು ಮಾಡುವಿರಿ, ಹೇಗೆ ಮಾಡುವಿರಿ, ಹಣ ಎಲ್ಲಿಂದ ತರುವಿರಿ? ಉತ್ತರ ಮನಸ್ಸಿಗೆ ಒಪ್ಪಿದರೆ ಮತ ಹಾಕಿ, ಒಪ್ಪದಿದ್ದರೆ ಹಾಕಬೇಡಿ. ಮತ ಗುರುದಕ್ಷಿಣೆಯಲ್ಲ. ಪ್ರಶ್ನೆ ಕೇಳುವುದನ್ನು ಕಲಿಸಿದವರೇ ಅವರಾದರೆ, ಆ ಪ್ರಶ್ನೆಯೇ ಅವರಿಗೆ ಸಲ್ಲುವ ದಕ್ಷಿಣೆ.

ಕೊನೆಯ ಮಾತು

ಆ ಹುಡುಗಿ ದಸರಾ ರಜೆಯಲ್ಲಿ ತಿರುಪ್ಪೂರಿಗೆ ಹೋಗುವಾಗ ನಾವು ಬರೆದಿದ್ದ ಟಿಪ್ಪಣಿಯನ್ನು ಕೇಳಿ ತೆಗೆದುಕೊಂಡು ಹೋದಳು. ತಾತನಿಗೂ ಅಜ್ಜಿಗೂ ಓದಿ ಹೇಳಿದಳಂತೆ. ಖರ್ಚಿನ ಮಿತಿ ಮಾಡಲೇಬೇಕಾದ ಖರ್ಚಲ್ಲವೆಂದು ಕೇಳಿ ಅಜ್ಜಿಗೆ ಸ್ವಲ್ಪ ಸಮಾಧಾನವಾಯಿತಂತೆ. ತಾತ ೩,೫೦೦ ಶಿಷ್ಯರ ಲೆಕ್ಕವನ್ನು ಎರಡು ಸಲ ಓದಿಸಿ ಕೇಳಿ, “ನಿಮ್ಮ ಮೇಷ್ಟ್ರು ಲೆಕ್ಕ ಸರಿಯಾಗಿ ಹಾಕಿದ್ದಾರೆ. ಠೇವಣಿ ಹೋದರೆ ಹೋಗಲಿ ತಾಯಿ, ಅದಕ್ಕೆ ನನಗೆ ಅಂಜಿಕೆಯಿಲ್ಲ. ನನ್ನ ಹಳೆಯ ಹುಡುಗರು ಬೇಡವೆನ್ನಲಾರದೆ ನನ್ನ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಾರಲ್ಲ, ಅದಕ್ಕೆ ಅಂಜಿಕೆ” ಎಂದರಂತೆ.

ಅವರು ನಿಲ್ಲುತ್ತಾರೋ ಇಲ್ಲವೋ ಅದು ಅವರ ಇಷ್ಟ. ಇಷ್ಟು ಯೋಚಿಸಬಲ್ಲವರು ನಿಂತರೂ ಚೆನ್ನ, ಜಗುಲಿಯ ಮೇಲೆ ಕುಳಿತರೂ ಚೆನ್ನ ಎಂದು ನಮಗೆ ತೋರಿತು. ಹುಡುಗಿ ಟಿಪ್ಪಣಿಯನ್ನು ಹಿಂದಕ್ಕೆ ತಂದುಕೊಟ್ಟಾಗ ಅದರ ಅಂಚಿನಲ್ಲಿ ನಮ್ಮ ಒಂದು ಕಾಗುಣಿತದ ತಪ್ಪು ಕೆಂಪು ಶಾಯಿಯಲ್ಲಿ ತಿದ್ದಿತ್ತು.

ಅಭ್ಯಾಸ

(೧) ಸರ್ಕಾರಿ ಕೆಲಸದಲ್ಲಿರುವ ಉಪಾಧ್ಯಾಯರು ವಿಧಾನಸಭೆಗೆ ನಿಲ್ಲಬಾರದೆಂದು ಏಕೆ ನಿಯಮಿಸಲಾಗಿದೆ?

(೨) ಒಂದು ಕ್ಷೇತ್ರದಲ್ಲಿ ೧,೫೬,೦೦೦ ಸಿಂಧು ಮತಗಳು ಬಿದ್ದಿವೆ. ಠೇವಣಿ ಉಳಿಯಲು ಕನಿಷ್ಠ ಎಷ್ಟು ಮತಗಳು ಬೇಕು?

(೩) ‘ಭಾಷೆಯ ಹೆಸರಿನಲ್ಲಿ ಮತ ಕೇಳುವುದು’, ‘ಭಾಷೆಯ ಹಿತಕ್ಕಾಗಿ ದುಡಿಯುವೆನೆಂದು ಹೇಳುವುದು’ ಇವೆರಡಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಊರಿನ ನಿದರ್ಶನ ಕೊಟ್ಟು ಬರೆಯಿರಿ.

(೪) ನಿಮ್ಮ ಮನೆಯ ಹಿರಿಯರು ಮೊದಲ ಸಲ ಮತ ಹಾಕಿದ್ದು ಯಾವ ವರ್ಷ, ಯಾವ ರಾಜ್ಯದ ಸಭೆಗೆ? ಕೇಳಿ ತಿಳಿದು ಹತ್ತು ವಾಕ್ಯ ಬರೆದು ತನ್ನಿರಿ.